ನನಗೆ ಸೇರದ ವ್ಯಾನಿನ ವಿಷಯವಾಗಿ

ವಿಮಾ ಕಂಪನಿಯ ಕ್ಲೇಮು ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ನಾನು ಮೊದಲ ವರ್ಷದ ವಿದ್ಯಾರ್ಥಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಕಲಿತದ್ದು ಅಲ್ಲಿನ ಊಟದ ಕ್ಯೂನಲ್ಲಿ. 'ಸನ್ನಿಧಿ' ಎಂದು ತಮಗೆ ಬರೆಯಬಹುದೋ, ಅದು ದೇವರಿಗೆ ಮಾತ್ರವೋ ಎಂದು ಬೆಳಗಿನಿಂದ ಟೆನ್ಷನ್ನಿನಲ್ಲಿದ್ದೇನೆ.

ನನ್ನ ಪುಟ್ಟ ಕಾರಿಗೆ ತಾವು ದಯಪಾಲಿಸಿದ ಪಾಲಿಸಿಯಲ್ಲಿ ಒಂದು ಸುಂದರ ವಾಕ್ಯವಿದೆ: 'ಪಾಲಿಸಿದಾರರು ತಮಗೆ ಸೇರದ ವಾಹನವನ್ನು ಮಾಲೀಕರ ಒಪ್ಪಿಗೆಯಿಂದ ಚಲಾಯಿಸುವಾಗ ಇತರರಿಗೆ ಆಗುವ ನಷ್ಟವನ್ನೂ ಈ ವಿಮೆ ಭರಿಸುತ್ತದೆ.' ನಮ್ಮ ಹಾಸ್ಟೆಲಿನಲ್ಲಿ ಸೇರದು ಎಂದರೆ ಇಷ್ಟವಿಲ್ಲ ಎಂದೇ ಅರ್ಥ. ನನಗೆ ಬದನೆಕಾಯಿ ಸೇರುತ್ತಿರಲಿಲ್ಲ, ವಾರ್ಡನ್ನರಿಗೆ ನಾನು ಸೇರುತ್ತಿರಲಿಲ್ಲ. ಇಷ್ಟವಿಲ್ಲದ ಗಾಡಿ ಓಡಿಸುವವರ ಸಂಕಟಕ್ಕೂ ಮರುಗುವ ಕಂಪನಿಯೊಂದಿದೆಯಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು.

ಆದ್ದರಿಂದಲೇ, ಲಾಂಡ್ರಿ ನಡೆಸುವ ನನ್ನ ಸೋದರಮಾವ ಕಾಲು ಉಳುಕಿಸಿಕೊಂಡು, ಆಸ್ಪತ್ರೆಗೆ ಬೆಡ್‌ಶೀಟು ಮುಟ್ಟಿಸಿ ಬಾ ಎಂದು ವ್ಯಾನಿನ ಕೀ ಕೊಟ್ಟಾಗ, ನಾನು ಧೈರ್ಯವಾಗಿ ಹತ್ತಿ ಕೂತೆ. ಆ ವ್ಯಾನು ನನಗೆ ಒಂಚೂರೂ ಸೇರದು. ಒಳಗೆಲ್ಲ ಒದ್ದೆ ಬಟ್ಟೆಯ ವಾಸನೆ. ರಿವರ್ಸ್ ಗೇರಿಗೆ ಅದರದೇ ಸ್ವಂತ ಅಭಿಪ್ರಾಯಗಳು. ಹಿಂದೆ ತೆಗೆಯುವಾಗ ಅದು ಲಾಂಡ್ರಿಯ ಎದುರಿನ ಸಲೂನಿನ ಗಾಜು ಒಡೆದು ಅರ್ಧ ಒಳಗೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ಒಬ್ಬ ಗಿರಾಕಿಯ ಮೀಸೆ ಮಾತ್ರ ಒಂದೇ ಕಡೆ ಉಳಿಯಿತು.

ನಾನು ಕ್ಲೇಮು ಹಾಕಿದ ಮೇಲೆ ತಮ್ಮ ಅಧಿಕಾರಿಗಳು ಫೋನು ಮಾಡಿ, 'ಆ ವ್ಯಾನು ನಿಮಗೆ ಸೇರುತ್ತಾ?' ಎಂದು ಕೇಳಿದಾಗ ಸ್ಪೀಕರ್ ಆನ್ ಇತ್ತು, ಮಾವ ಪಕ್ಕದಲ್ಲೇ ಕೂತಿದ್ದರು. ಅವರ ಮನಸ್ಸು ನೋಯಿಸುವುದು ಹೇಗೆಂದು, 'ಅಯ್ಯೋ, ತುಂಬಾ ಸೇರುತ್ತೆ ಸಾರ್' ಎಂದುಬಿಟ್ಟೆ. ಬೇರೆ ಯಾವ ಕೆಲಸದಲ್ಲೂ ಕಾಣದ ಚುರುಕಿನಿಂದ ತಾವು ವ್ಯಾನನ್ನು ನನ್ನ ಸ್ವಂತದ್ದೆಂದು ದಾಖಲಿಸಿ, ಆದಕಾರಣ ಗಾಜಿನ ನಷ್ಟ ಭರಿಸಲಾಗದು ಎಂದು ನನಗೂ ಮಾವನಿಗೂ ತಿಳಿಸಿದಿರಿ.

ಸಲೂನಿನವರು 'ಗಾಜು ಬರ್ಲಿ, ಆಮೇಲೆ ಕೀ' ಎಂದು ವ್ಯಾನನ್ನು ಹಿಡಿದಿಟ್ಟುಕೊಂಡಿದ್ದಾರೆ. ಮಾವ ಕುಂಟುತ್ತ ಕೈಗಾಡಿಯಲ್ಲಿ ಬೆಡ್‌ಶೀಟು ತಳ್ಳುತ್ತಾರೆ, ನನ್ನನ್ನು ಕಂಡರೆ 'ಏನಪ್ಪಾ ಓನರ್ರೇ, ನಿಮ್ಮ ವ್ಯಾನು ಯಾವಾಗ ಬಿಡಿಸ್ಕೊಂಡು ಬರ್ತೀರಿ?' ಎನ್ನುತ್ತಾರೆ. ಅಣ್ಣನ ಮುಂದೆ ತಲೆ ಎತ್ತದ ಹಾಗೆ ಮಾಡ್ಬಿಟ್ಯಲ್ಲೋ ಎಂದು ಅಮ್ಮನ ಗೋಳು.

ಸೇರಿದ್ದೆಲ್ಲ ಸ್ವಂತದ್ದು ಎಂಬ ತಮ್ಮ ಉದಾರ ನಿಯಮವನ್ನು ನಾನು ಪ್ರಶ್ನಿಸುವುದಿಲ್ಲ. ತಮ್ಮ ಕಚೇರಿಯ ಸೋಫಾ, ತಣ್ಣೀರಿನ ಯಂತ್ರ ಮತ್ತು ಎಸಿ ನನಗೆ ಬಹಳ ಸೇರಿದವು, ದಯವಿಟ್ಟು ಕಟ್ಟಿಡಿಸಿ. ಸಾಗಿಸಲು ಲಾರಿ ಸಾಕು. ಲಾರಿ ನನಗೆ ಸೇರದು, ಹಾಗಾಗಿ ನಾನೇ ಓಡಿಸಬಹುದು. ನಮ್ಮ ಬೀದಿಯ ಬಸ್ಸು, ಟ್ರ್ಯಾಕ್ಟರು, ಹಾಲಿನ ವ್ಯಾನುಗಳಲ್ಲಿ ನನಗೆ ಯಾವುದು ಸೇರುತ್ತದೆ, ಯಾವುದು ಸೇರದು ಎಂದು ಪರೀಕ್ಷಿಸಲು ಒಬ್ಬ ಅಧಿಕಾರಿಯನ್ನು ಕಾಯಂ ನಮ್ಮ ಮನೆಯಲ್ಲೇ ಬಿಟ್ಟರೆ ಇನ್ನೂ ಅನುಕೂಲ.

ವ್ಯಾನು ಮಾವನದು, ನನ್ನದಲ್ಲ. ಅದೊಂದನ್ನು ತಿದ್ದಿ ಗಾಜು ಹಾಕಿಸಿಕೊಡಿ. ವ್ಯಾನು ಬಾರದಿದ್ದರೆ ಸೋಮವಾರದಿಂದ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ದಯವಿಟ್ಟು ಬೇಗ ಉತ್ತರ ಕೊಡಿ.

ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಒಂದೇ ಒಂದು ಕಾರಿನ ಮಾಲೀಕ

ವಿ.ಸೂ.: 'ನಿಮ್ಮ ಎರಡನೇ ವಾಹನಕ್ಕೆ ವಿಶೇಷ ರಿಯಾಯಿತಿ, ಹೃತ್ಪೂರ್ವಕ ಅಭಿನಂದನೆಗಳು' ಎಂಬ ತಮ್ಮ ಮೆಸೇಜು ಈಗಷ್ಟೇ ತಲುಪಿತು. ನನಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದವರು ಮಾವ.