ತೊಟ್ಟಿಲಲ್ಲಿ ಬಂದ ಅಳಿಯ

ಹೆಣ್ಣು ನೋಡಲು ಹೊರಟ ದಿನವೇ ಬಾಡಿಗೆ ಗಾಡಿಯ ಅಚ್ಚು ಮುರಿಯಿತು. ನಂಜನಗೂಡಿನ ಸ್ಕೂಲು ಮೇಷ್ಟ್ರು ಪುಟ್ಟಬಸವಯ್ಯ ಜಗುಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ. ತಂದೆತಾಯಿ ಇಲ್ಲದವನು, ವಯಸ್ಸು ಮೂವತ್ತು. ನರಸೀಪುರದ ಪಟೇಲ ಮಲ್ಲಯ್ಯನವರ ಮಗಳು ಚನ್ನಾಜಮ್ಮ ಅವನಿಗೆ ಬಂದ ಐದನೆಯ ಸಂಬಂಧ.

ಆಗ ಸೀಮೆಗೆಲ್ಲ ಇದ್ದದ್ದು ಒಂದೇ ಮೋಟಾರು ಸೈಕಲ್ಲು, ಪಕ್ಕಕ್ಕೆ ಒಬ್ಬರು ಕೂರುವ ತೊಟ್ಟಿಲು ಜೋಡಿಸಿದ್ದು. ಯಾರೋ ಬಿಳಿ ದೊರೆ ಬಿಟ್ಟುಹೋದದ್ದನ್ನು ಮೇಷ್ಟ್ರ ಗೆಳೆಯ ಸಿದ್ದಮಲ್ಲಪ್ಪ ಕೊಂಡಿದ್ದ.

"ಯೋಚ್ನೆ ಯಾಕ್ಲಾ ಬಸ್ವ? ನನ್ ಫಟ್‌ಫಟಿ ಅದೆ. ಉಣ್ಣೋ ಒತ್ಗೆ ನರಸೀಪುರ್ದಲ್ಲಿರ್ತೀವಿ."

"ನಂಗೆ ಭಯ ಕಣೋ!"

"ಓಡ್ಸೋನು ನಾನು. ನೀನು ಪಕ್ಕದ್ ತೊಟ್ಲಲ್ಲಿ ಕೂಸಿನಂಗೆ ಕುಂತ್ಕೋ."

ಹಿಂದುಗಡೆ ಇನ್ನೊಬ್ಬ ಗೆಳೆಯ ಚಿಕ್ಕಸ್ವಾಮಿ ಹತ್ತಿದ. ಬಂಡಿ ಕಲ್ಲು ತುಂಬಿದ ಡಬ್ಬದ ಹಾಗೆ ಕುಲುಕುತ್ತ ಹೊರಟಿತು. ಚಿಕ್ಕಯ್ಯನಛತ್ರದ ಹತ್ತಿರ ಮೇಷ್ಟ್ರ ಪೇಟ ಗಾಳಿಗೆ ಹಾರಿತು. ಮುಂದೆ ಕುರಿಮಂದೆಯೊಂದು ದಿಕ್ಕಾಪಾಲಾಯಿತು. ಕುರುಬನ ಬೈಗುಳ ಅರ್ಧ ಮೈಲಿ ಜೊತೆಗೇ ಬಂತು.

ಇಳಿಜಾರಿನಲ್ಲಿ ಏನೋ ಕಳಚಿದ ಸದ್ದು. ತೊಟ್ಟಿಲು ಬಂಡಿಯನ್ನು ಬಿಟ್ಟು ಮೇಷ್ಟ್ರ ಸಮೇತ ಗದ್ದೆಯ ಕಡೆ ತಿರುಗಿತು. ಅದು ತಿಳಿಯದ ಗೆಳೆಯರಿಬ್ಬರೂ, ಪಕ್ಕದಲ್ಲಿ ಇಲ್ಲದವನಿಗೆ ಧೈರ್ಯ ಹೇಳುತ್ತ ಎರಡು ಫರ್ಲಾಂಗು ಮುಂದೆ ಹೋದರು.

ನಾಟಿ ಮಾಡುತ್ತಿದ್ದ ಹೆಂಗಸರ ನಡುವೆ ತೊಟ್ಟಿಲು ಕೆಸರಲ್ಲಿ ಹೂತು ನಿಂತಿತು. ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಮೀಸೆ ಬಂದ್ಮೇಲೂ ತೊಟ್ಲಾ? ಅವ್ವ ಎಲ್ಲೋದ್ಲಪ್ಪಾ?"

ಗದ್ದೆಗೆ ಗದ್ದೆಯೇ ನಕ್ಕಿತು. ಗೆಳೆಯರು ಹಿಂದಿರುಗಿ, ಹಗ್ಗ ಬೇಡಿ, ತೊಟ್ಟಿಲನ್ನು ಬಿಗಿದು ಕಟ್ಟಿದರು.

ನರಸೀಪುರದಲ್ಲಿ ಇಳಿದಾಗ ಮೇಷ್ಟ್ರ ಮೈಯಲ್ಲಿ ಬಿಳಿಯದಾಗಿ ಉಳಿದದ್ದು ಹಲ್ಲು ಮಾತ್ರ. "ವಾಪಸ್ಸು ನಡ್ಕೊಂಡಾದ್ರೂ ಓಯ್ತೀನಿ, ಇದನ್ನ ಮಾತ್ರ ಮುಟ್ಟಾಕಿಲ್ಲ" ಎಂದು ಗೆಳೆಯರ ಮುಂದೆ ಆಣೆಯಿಟ್ಟು ಒಳಗೆ ಹೋದ.

ಕೈಕಾಲು ತೊಳೆಸಿ, ಶುಭ್ರವಾದ ಪಂಚೆ ಕೊಟ್ಟು, ಮಣೆ ಹಾಕಿದರು. ಬಾಗಿಲ ಮರೆಯಿಂದ ಬಂದ ಚನ್ನಾಜಮ್ಮ ಅವನ ಕಿವಿಯಲ್ಲಿ ಉಳಿದಿದ್ದ ಕೆಸರು ಕಂಡು ಸೆರಗಿನಲ್ಲಿ ನಕ್ಕಳು. ಆ ನಗುವಿಗೆ ಮೇಷ್ಟ್ರು ದಾರಿಯ ಸಂಕಟವನ್ನೆಲ್ಲ ಮರೆತ. ಊಟ ಮುಗಿಯುವುದರೊಳಗೆ ವೀಳ್ಯ ಬದಲಾಯಿತು.

"ನನ್ ಸ್ನೇಹಿತರೆಲ್ಲಿ, ಮಾವಯ್ಯ?"

"ಆಗ್ಲೇ ಒಂಟೋದ್ರಲ್ಲ!" ಮಲ್ಲಯ್ಯನವರು ಬೀಗಿದರು. "ನನ್ ಜೋಡೆತ್ತು ಗಾಡಿ ಅವರ್ಗೆ ಕೊಟ್ಟು, ಫಟ್‌ಫಟೀನ ನಿಮ್ಗೇಂತ ತಕ್ಕೊಂಡೆ. ಮದ್ವೆ ಉಡುಗೊರೆ! ದಾರಿ ಪೂರಾ ಓಡ್ಸಿದ್ದು ಮೇಷ್ಟ್ರೇ ಅಂತ ಸಿದ್ದಮಲ್ಲಪ್ಪನೋರು ಯೋಳುದ್ರು."

ಪುಟ್ಟಬಸವಯ್ಯನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಅಂಗಳದಲ್ಲಿ ಅತ್ತೆ ಗುರುಬಸಮ್ಮ ಬಂಡಿಗೆ ಕುಂಕುಮ ಹಚ್ಚುತ್ತಿದ್ದಳು. ಊರಿಗೆ ಊರೇ ನೆರೆದಿತ್ತು. ಪಟೇಲರು ಮಿಂಚುವ ರುಮಾಲು ಸರಿಪಡಿಸಿಕೊಂಡು, ಹಗ್ಗ ಬಿಗಿದ ತೊಟ್ಟಿಲೊಳಗೆ ಕಾಲಿಟ್ಟು ಕೂತರು.

"ಊಂ, ಅಳಿಯಂದ್ರೇ, ಅತ್ತಿ ಓಡ್ಸಿ. ಸೋಸಲೇಲಿ ನಮ್ ಬೀಗರವ್ರೆ, ತೋರಿಸ್ಕೊಂಡ್ ಬರಾಣ!"