ಬಾಣಂತಿ ಕೋಣೆಗೆ ಕಲ್ಲಿದ್ದಲ ಒಲೆ

ಬೆಂಗಳೂರಿನಲ್ಲಿ ಚಳಿ ಎಲ್ಲಿದೆ ಎಂದು ಕೇಳುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಜಗಳ ನನಗೆ ಇಷ್ಟವಿಲ್ಲವೆಂದಲ್ಲ, ಬಹಳ ಇಷ್ಟ. ಆದರೆ ಅಂಥವರು ಎರಡನೇ ಮಹಾಯುದ್ಧದ ಕಾಲದಲ್ಲಿ ಹಲಸೂರು ಕೆರೆಯ ಪಕ್ಕದ ನಮ್ಮ ಮನೆಯಲ್ಲಿ, ಮಾರ್ಗಶಿರದ ಒಂದು ಬೆಳಿಗ್ಗೆ ಹಿತ್ತಲಿನ ತೊಟ್ಟಿಗೆ ಕೈ ಅದ್ದಿದವರಲ್ಲ. ಕೆರೆಯ ಮೇಲಿಂದ ಎದ್ದ ಮಂಜು ಹಿತ್ತಲ ಬಾಗಿಲ ಸಂದಿಯಲ್ಲಿ ನುಸುಳಿ ನಡುಮನೆಗೆ ಬಂದು, ಕರೆಯದೆ ಬಂದ ನೆಂಟರ ಹಾಗೆ ಊಟದ ಹೊತ್ತಿನವರೆಗೂ ಕದಲುತ್ತಿರಲಿಲ್ಲ. ಅಂಥ ಮನೆಯಲ್ಲಿ ಒಲೆಯ ವಿಷಯಕ್ಕೆ ಇಡೀ ಬೀದಿಯನ್ನು ಎದುರು ಹಾಕಿಕೊಂಡವಳು ನಾನು. ಇವತ್ತಿಗೂ ಹೇಳುತ್ತೇನೆ, ಮಾಡಿದ್ದು ಸರಿ. ಇನ್ನೊಂದು ಸಲ ಮಾಡು ಎಂದರೂ ಮಾಡುತ್ತೇನೆ.

ಒಲೆ ಎಂದರೆ ಅಡುಗೆಯ ಒಲೆಯಲ್ಲ. ಅದು ಬಿಳಿಯರ ಮನೆಯಲ್ಲಿ ಕೋಣೆ ಬೆಚ್ಚಗಿಡಲು ಇರುತ್ತಿದ್ದ ಎರಕದ ಕಬ್ಬಿಣದ ಒಲೆ. ಸಿಂಹದ ಪಾದದಂಥ ನಾಲ್ಕು ಕಾಲು, ಹೊಟ್ಟೆಗೊಂದು ಪುಟ್ಟ ಬಾಗಿಲು, ನೆತ್ತಿಯಿಂದ ಮೇಲಕ್ಕೆ ಹೋಗುವ ತಗಡಿನ ಕೊಳವೆ. ನಮ್ಮ ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾರೋ ದೊರೆಸಾನಿ ತನ್ನ ಸೀಮೆಗೆ ಹೊರಟಿದ್ದಾಳೆ, ಸಾಮಾನೆಲ್ಲ ಹರಾಜಿಗೆ ಇಟ್ಟಿದ್ದಾಳೆ ಎಂದು ಗೊತ್ತಾಗಿ, ಒಂದು ಮಂಚ ತನ್ನಿ ಎಂದು ನಾನೇ ಅವರನ್ನು ಕಳಿಸಿದ್ದೆ. ಸಂಜೆ ಎತ್ತಿನ ಗಾಡಿಯಲ್ಲಿ ಒಲೆ ಬಂತು. "ಮಂಚ ಎಲ್ರೂ ತಗೋತಾರೆ ಕಣೇ, ಇದನ್ನ ಯಾರೂ ಕೇಳ್ಲಿಲ್ಲ. ಪಾಪ ಅನ್ನಿಸ್ತು" ಎಂದರು. ಕಬ್ಬಿಣವನ್ನು ಕಂಡರೆ ಅವರಿಗೆ ಅನಾಥ ಮಕ್ಕಳನ್ನು ಕಂಡಷ್ಟು ಕರುಣೆ. ಮೂಲೆಯ ಕೋಣೆಯಲ್ಲಿ ಅದನ್ನು ನಿಲ್ಲಿಸಿ, ಗೋಡೆಗೆ ತೂತು ಕೊರೆದು, ಕೊಳವೆಯನ್ನು ಹೊರಗೆ ತೆಗೆದು ಸೂರಿನ ಮೇಲಕ್ಕೆ ಎತ್ತರಿಸಿ, ಆಮೇಲೆ ಅದನ್ನು ಮರೆತೂಬಿಟ್ಟರು. ಅಂದಿನಿಂದ ಅದು ನನ್ನದಾಯಿತು.

ನಮ್ಮ ಅತ್ತೆ ಮುನಿಯಮ್ಮನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಹಲಸೂರಿನ ಹಳೆಯ ಒಕ್ಕಲು ಮನೆತನದವರು, ಕೆರೆಯ ಕೆಳಗೆ ಸೊಪ್ಪು ತರಕಾರಿ ಬೆಳೆದು ಬದುಕು ಕಟ್ಟಿದವರು. ಅವರ ಬಾಯಲ್ಲಿ ಆ ಒಲೆಗೆ 'ಕಬ್ಬಿಣದ ದೆವ್ವ' ಎಂದೇ ಹೆಸರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ವರ್ಷವೆಲ್ಲ ಸುಮ್ಮನಿದ್ದ ಒಲೆಯನ್ನು ಚಳಿಗಾಲಕ್ಕೆ ಮೊದಲ ಸಲ ಹಚ್ಚುವುದೆಂದರೆ ತವರಿಗೆ ಮುನಿಸಿಕೊಂಡು ಹೋದ ಸೊಸೆಯನ್ನು ಕರೆತಂದ ಹಾಗೆ. ತುಕ್ಕು ಉಜ್ಜಬೇಕು, ಜೇಡರ ಬಲೆ ತೆಗೆಯಬೇಕು, ಜಾಲರಿಯ ಮೇಲೆ ಕಾಗದ, ಅದರ ಮೇಲೆ ತೆಂಗಿನ ಚಿಪ್ಪು, ಅದರ ಮೇಲೆ ಸೌದೆ ಇದ್ದಿಲು, ಇಷ್ಟೆಲ್ಲ ಕೆಂಪಾದ ಮೇಲೆ ದಂಡಿನ ರೈಲ್ವೆ ಸ್ಟೇಷನ್ ಹತ್ತಿರದ ಡಿಪೋದಿಂದ ತಂದ ಕಲ್ಲಿದ್ದಲು. ಕಲ್ಲಿದ್ದಲು ಎಂಬ ಹೆಸರಿನಲ್ಲಿ ಇದ್ದಲಿಗಿಂತ ಕಲ್ಲೇ ಹೆಚ್ಚು. ಮೊದಲ ದಿನ ಅದು ಕೆಮ್ಮಿ, ಸೀನಿ, ನಮ್ಮನ್ನೂ ಕೆಮ್ಮಿಸಿಯೇ ಹತ್ತಿಕೊಳ್ಳುತ್ತಿತ್ತು.

ಆ ವರ್ಷ ನಮ್ಮ ನಾದಿನಿ ಲಕ್ಷ್ಮಿಗೆ ದಂಡಿನ ಆಸ್ಪತ್ರೆಯಲ್ಲಿ ಗಂಡುಮಗುವಾಯಿತು. ಮಗು ಸಣ್ಣಗಿತ್ತು. ಚೆನ್ನಾಗಿ ಬೆಚ್ಚಗಿಟ್ಟುಕೊಳ್ಳಿ ಎಂದು ನರ್ಸಮ್ಮ ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಬಾಣಂತಿ, ಮಗು ಮನೆಗೆ ಬರುವ ದಿನ ಬೆಳಿಗ್ಗೆ ಅತ್ತೆ ಅಟ್ಟದಿಂದ ಮಣ್ಣಿನ ಅಗ್ಗಿಷ್ಟಿಕೆ ಇಳಿಸಿ, ಅಂಗಳದಲ್ಲಿಟ್ಟು ಅದಕ್ಕೆ ಇದ್ದಿಲು ತುಂಬತೊಡಗಿದರು. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗೆ ಮಾಡುವುದು ನಮ್ಮ ಕಡೆಯ ಪದ್ಧತಿ. ನಾನು ಅಡ್ಡ ನಿಂತೆ.

"ಅದು ಬೇಡ ಅತ್ತೆ. ಆ ಕೋಣೇಲಿ ಒಲೆ ಹಚ್ತೀನಿ."

"ನಮ್ಮತ್ತೆ ಕಾಲದಿಂದ್ಲೂ ಅಗ್ಗಿಷ್ಟಿಕೆ ಇಟ್ಕೊಂಡೇ ಬಂದಿದೀವಿ. ಹೆತ್ತೋರೆಲ್ಲ ಸತ್ತೋದ್ರಾ?"

"ನಾನು ಸಾಯೋದ್ರಲ್ಲಿದ್ದೆ."

"ಅದು ದೃಷ್ಟಿ."

"ದೃಷ್ಟಿ ಅಲ್ಲ ಅತ್ತೆ, ಇದ್ದಿಲು."

ಇಲ್ಲಿ ಸ್ವಲ್ಪ ನಗು ಬಿಟ್ಟು ಹೇಳಬೇಕು. ಈ ಒಲೆ ಬರುವ ಮೊದಲು, ನನ್ನ ಮಗಳು ಹುಟ್ಟಿದಾಗ ನನ್ನನ್ನೂ ಹಾಗೆಯೇ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಜೊತೆ ಮಲಗಿಸಿದ್ದರು. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ತಲೆ ಭಾರವಾಯಿತು, ನಿದ್ದೆ ಎಂದುಕೊಂಡೆ. ಪಕ್ಕದಲ್ಲಿ ಮಗು ಅಳುವುದು ನಿಂತದ್ದು ಗೊತ್ತಾಯಿತು, ಆದರೆ ಕೈ ಎತ್ತಲು ಆಗಲಿಲ್ಲ. ಅತ್ತೆ ಕಷಾಯ ತಂದು ಬಾಗಿಲು ತೆಗೆಯದೆ ಇದ್ದಿದ್ದರೆ ಈ ಪ್ರಬಂಧ ಬರೆಯಲು ನಾನೂ ಇರುತ್ತಿರಲಿಲ್ಲ, ಇದನ್ನು ಓದಿ ತಪ್ಪು ತಿದ್ದಲು ನನ್ನ ಮಗಳೂ ಇರುತ್ತಿರಲಿಲ್ಲ. ಬದುಕಿಸಿದವರು ಅವರೇ, ಅದನ್ನು ಮರೆಯುವುದಿಲ್ಲ. ಆದರೆ ನಮ್ಮಿಬ್ಬರನ್ನೂ ಬಯಲಿಗೆ ಎತ್ತಿ ತಂದು, ನಾವು ಕಣ್ಣು ಬಿಟ್ಟ ಮೇಲೆ, ಮೆಣಸಿನಕಾಯಿ ನಿವಾಳಿಸಿ ಮತ್ತೆ ಅದೇ ಕೋಣೆಗೆ ಅದೇ ಅಗ್ಗಿಷ್ಟಿಕೆ ತರಲು ಹೊರಟರಲ್ಲ, ಅಂದೇ ನಾನು ತೀರ್ಮಾನಿಸಿದ್ದೆ: ಈ ಮನೆಯಲ್ಲಿ ಇನ್ನು ಯಾವ ಬಾಣಂತಿಯ ಕೋಣೆಗೂ ಅದು ಹೋಗಕೂಡದು. ಒಲೆಗಾದರೆ ಕೊಳವೆ ಇದೆ, ಕೆಟ್ಟದ್ದು ಹೊರಗೆ ಹೋಗುತ್ತದೆ.

ಯಜಮಾನರನ್ನು ಕೇಳಿದೆವು. ಅವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, "ಇಬ್ರೂ ಹೇಳೋದು ಸರಿ. ನಾನು ಹೋಗಿ ಲಕ್ಷ್ಮೀನ ಜಟಕಾದಲ್ಲಿ ಕರ್ಕೊಂಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ವಿಮಾನ ರಿಪೇರಿ ಮಾಡುವ ಧೈರ್ಯ ಬೇರೆ, ಇದು ಬೇರೆ.

ಅತ್ತೆ ಷರತ್ತು ಹಾಕಿದರು. "ಆಯ್ತು. ಜಟಕಾ ಬರೋ ಹೊತ್ಗೆ ನಿನ್ನ ದೆವ್ವ ಹೊಗೆ ಇಲ್ದೆ ಉರೀತಿದ್ರೆ ಅದೇ ಇರ್ಲಿ. ಇಲ್ದಿದ್ರೆ ಅದು ಗುಜರಿಗೆ, ಅಗ್ಗಿಷ್ಟಿಕೆ ಕೋಣೆಗೆ. ಆಮೇಲೆ ನೀನು ಉಸಿರೆತ್ತಬಾರ್ದು."

"ಒಪ್ಪಿದೆ" ಎಂದೆ. ಅವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಸಣಿಗೆ ಹಿಡಿದರು. ನಾನು ಸೆರಗು ಸಿಕ್ಕಿಸಿ ಕೋಣೆಗೆ ಹೋದೆ.

ಕಾಗದ ಹತ್ತಿತು. ಚಿಪ್ಪು ಹತ್ತಿತು. ಇದ್ದಿಲು ಇನ್ನೇನು ಕೆಂಪಾಗಬೇಕು, ಅಷ್ಟರಲ್ಲಿ ಒಲೆ ಒಮ್ಮೆ ಗೊರಕೆ ಹೊಡೆದಂತೆ ಸದ್ದು ಮಾಡಿ, ಮೇಲಕ್ಕೆ ಹೋಗಬೇಕಾದ ಹೊಗೆಯನ್ನೆಲ್ಲ ಬಾಗಿಲಿನಿಂದ ನನ್ನ ಮುಖಕ್ಕೇ ಉಗುಳಿತು. ಕಿಟಕಿ ತೆರೆದೆ. ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಉಗುಳಿತು. ಯುದ್ಧದ ಕಾಲ, ಬೆಂಕಿಪೊಟ್ಟಣಕ್ಕೆ ಬರ. ಒಂದೊಂದು ಕಡ್ಡಿ ಗೀರುವಾಗಲೂ ಹೊಟ್ಟೆ ಉರಿಯುತ್ತಿತ್ತು. ಒಲೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಉರಿಯುತ್ತಿತ್ತು. ಅಂಗಳದಿಂದ ಅತ್ತೆಯ ಬೀಸಣಿಗೆಯ ಸದ್ದು ಪಟಪಟ ಎಂದು, ಬಹಳ ತೃಪ್ತಿಯಿಂದ ಕೇಳುತ್ತಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಸೀಟಿ ಕೇಳಿಸಿತು. ಪಕ್ಕದ ಮನೆಯ ತಮಿಳಿನವನಾದ ಏಳುಮಲೈ ನಮ್ಮ ಬೀದಿಗೆ ವಾರ್ಡನ್. ಶತ್ರುಗಳ ವಿಮಾನ ಬಂದರೆ ದೀಪ ಆರಿಸಲು ಹೇಳುವುದು, ಬೆಂಕಿ ಬಿದ್ದರೆ ಮರಳು ಸುರಿಯುವುದು ಅವನ ಕೆಲಸ. ಪಾಪ, ಯುದ್ಧ ಶುರುವಾದಾಗಿನಿಂದ ತಲೆಗೆ ತಗಡಿನ ಟೋಪಿ ಹಾಕಿ ಕಾದಿದ್ದ. ಒಂದು ಬೆಂಕಿಯೂ ಬಿದ್ದಿರಲಿಲ್ಲ. ನಮ್ಮ ಕಿಟಕಿಯ ಹೊಗೆ ಕಂಡು ಅವನ ಜೀವನ ಸಾರ್ಥಕವಾಯಿತು. ಮರಳಿನ ಬಕೆಟ್ ಸಮೇತ ಒಳಗೆ ನುಗ್ಗಿದ. ಹಿಂದೆ ಅರ್ಧ ಬೀದಿ.

"ಎನ್ನಮ್ಮಾ ಇದು! ಈ ಪೊಗೆ ನೋಡ್ಕೊಂಡು ಜಪಾನ್‌ಕಾರನ್ ನೇರಾ ಇಲ್ಲೇ ಬರ್ತಾನೆ!"

"ಬರ್ಲಿ. ಚಳೀಲಿ ಬಂದಿರ್ತಾನೆ, ಬೆಚ್ಚಗೆ ಕೂತು ಕಾಫಿ ಕುಡ್ಕೊಂಡು ಹೋಗ್ಲಿ."

"ಜೋಕ್ ಇಲ್ಲಮ್ಮಾ, ಡ್ಯೂಟಿ! ಸರೀರಿ, ಮಣ್ಣು ಹಾಕ್ತೀನಿ."

ನಾನು ಇಕ್ಕಳ ಹಿಡಿದು ಒಲೆಯ ಮುಂದೆ ನಿಂತೆ. "ಹಾಕೋದಿದ್ರೆ ನನ್ನ ತಲೆ ಮೇಲೆ ಹಾಕಿ ಏಳುಮಲೈ. ಈ ಒಲೆಗೆ ಒಂದು ಹಿಡಿ ಮರಳು ಬಿದ್ರೂ ನಾನು ಸುಮ್ನಿರಲ್ಲ. ನಿಮ್ಮ ಹತ್ರ ಏಣಿ ಇದೆ ಅಲ್ವಾ? ಅದನ್ನ ತನ್ನಿ. ಕೊಳವೇಲಿ ಏನೋ ಸಿಕ್ಕೊಂಡಿದೆ, ನೋಡಿ."

ನನ್ನ ಮುಖ ಮಸಿಯಾಗಿತ್ತು, ಕೂದಲು ಬಿಚ್ಚಿತ್ತು, ಕೈಯಲ್ಲಿ ಇಕ್ಕಳವಿತ್ತು. ಅವನು ಬಕೆಟ್ ಕೆಳಗಿಟ್ಟು ಏಣಿ ತಂದ. ಹೊರಗೋಡೆಗೆ ಆನಿಸಿ ಹತ್ತಿ, ಕೊಳವೆಯ ಬಾಯಿಗೆ ಕೈ ಹಾಕಿ ಜಗ್ಗಿದ. ಬಂತು, ಬರುತ್ತಲೇ ಇತ್ತು, ಮೊಳಗಟ್ಟಲೆ ಬಂತು. ಗುಬ್ಬಿಯ ಗೂಡಲ್ಲ, ಅಳಿಲಲ್ಲ. ಕೆಂಪು ಚೌಕುಳಿ ಸೀರೆ! ಅವನು ಏಣಿಯ ಮೇಲಿಂದ ಅದನ್ನು ಬಾವುಟದ ಹಾಗೆ ಬಿಚ್ಚಿ ಹಿಡಿದ. ಬೀದಿಗೆ ಬೀದಿಯೇ ಆ ಸೀರೆಯ ಗುರುತು ಹಿಡಿಯಿತು. ವರ್ಷಗಟ್ಟಲೆ ಅದನ್ನುಟ್ಟು ಬಾವಿಯಿಂದ ನೀರು ಸೇದಿದವರು ನಮ್ಮ ಅತ್ತೆ.

ಬೀಸಣಿಗೆಯ ಸದ್ದು ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಗೆಲ್ಲುವುದಕ್ಕೆ ಇಷ್ಟು ಮಾಡಿದರೇ? ಮದುವೆಯಾದಾಗಿನಿಂದ ನುಂಗಿಕೊಂಡ ಮಾತುಗಳೆಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಸೊಂಟದ ಮೇಲೆ ಕೈಯಿಟ್ಟರು.

"ಏನು ಹಂಗೆ ನೋಡ್ತೀಯ? ಹೌದು, ನಾನೇ ತುರುಕಿದ್ದು! ಆಷಾಢದಲ್ಲಿ ನೀನು ತೌರಿಗೆ ಹೋಗಿದ್ದಾಗ ಹುಯ್ದ ಮಳೆಗೆ ಕೊಳವೇಲಿ ನೀರಿಳ್ದು ಒಲೆ ಹೊಟ್ಟೇಲಿ ನಿಂತಿತ್ತು. ತುಕ್ಕು ಹಿಡ್ದು ಹಾಳಾಗೋಗ್ಲಿ ಅಂತ ಬಿಟ್ಬಿಡ್ಬೇಕಿತ್ತಾ? ಬಂದು ನಮ್ಮ ಮೇಲೇ ಹಾರಾಡ್ತಿದ್ದೆ. ಅಷ್ಟು ಆಸೆಯಿಂದ ಇಟ್ಕೊಂಡಿದೀಯ ಅಂತ, ಇನ್ನೂ ಉಡೋ ಹಂಗಿದ್ದ ಸೀರೇನ ಹಾಕಿ ಮುಚ್ಚಿದೆ."

"ಏಣಿ ಹತ್ತಿದ್ದು ಯಾರು?"

"ಯಾರು ಹತ್ತಾರೆ? ನಾನೇ. ನಿನ್ನ ಗಂಡನ್ನ ಕೇಳಿದ್ರೆ ನಾಳೆ ಅಂದ."

ಆ ಮಳೆಯಲ್ಲಿ, ಆ ವಯಸ್ಸಿನಲ್ಲಿ, ಬಾಯ್ತುಂಬ ಬೈದುಕೊಂಡೇ ಏಣಿ ಹತ್ತಿ, ತಾವು ಒಪ್ಪದ ಒಲೆಯ ಕೊಳವೆಗೆ ತಮ್ಮ ಸೀರೆ ತುರುಕಿದ ಹೆಂಗಸನ್ನು ಏನೆಂದು ಬೈಯುವುದು? ಸಾಲಾಗಿ ನಿಂತ ಮಾತುಗಳು ಬಂದ ದಾರಿಯಲ್ಲೇ ವಾಪಸು ಹೋದವು. ಆದರೂ ಸೋಲಬಾರದೆಂದು, "ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದೆ.

"ನೀನು ಕೇಳ್ದ್ಯಾ? ಎದ್ದೋಳೇ ಕಡ್ಡಿ ಗೀರ್ದೆ."

ಬೀದಿಯ ತುದಿಯಲ್ಲಿ ಜಟಕಾದ ಗೆಜ್ಜೆ ಸದ್ದು ಕೇಳಿಸಿತು. ನಾನು ಒಳಗೆ ಓಡಿದೆ. ಒಲೆ ಆರಿಹೋಗಿತ್ತು. ಬೆಂಕಿಪೊಟ್ಟಣ ತೆರೆದೆ. ಖಾಲಿ. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಗ್ಗಿಷ್ಟಿಕೆ, ಅದರ ತುಂಬ ನಿಗಿನಿಗಿ ಕೆಂಡ.

"ಬಾಗ್ಲು ತೆಗಿ" ಎಂದರು.

"ಕೋಣೆ ಬಾಗ್ಲು ತೆಗ್ದೇ ಇದೆ. ಅದು ಒಳಗೆ ಬರ್ಕೂಡ್ದು ಅತ್ತೆ."

"ನಿನ್ನ ದೆವ್ವದ ಬಾಗ್ಲು ತೆಗಿ ಅಂದೆ. ಮಗು ಬರೋ ಹೊತ್ತು, ನಿಂತ್ಕೊಂಡು ವಾದ ಮಾಡ್ತಾಳೆ."

ಒಲೆಯ ಬಾಗಿಲು ತೆಗೆದೆ. ಅವರು ಕೆಂಡವನ್ನೆಲ್ಲ ಅದರೊಳಗೆ ಸುರಿದರು. ನಾನು ಕಲ್ಲಿದ್ದಲು ಪೇರಿಸಿದೆ. ಕೊಳವೆ ಒಂದು ದೀರ್ಘ ಉಸಿರೆಳೆದುಕೊಂಡಿತು. ಒಳಗೆ ಗುಂಯ್ ಎಂದು ಜ್ವಾಲೆ ಎದ್ದಿತು. ಹೊಗೆ ಸೂರಿನ ಮೇಲೆ ನೆಟ್ಟಗೆ ನಿಂತಿತು. ಏಳುಮಲೈ ಏಣಿಯ ಮೇಲಿಂದ, "ಫಸ್ಟ್ ಕ್ಲಾಸ್ ಅಮ್ಮಾ! ಮಿಲ್ ಚಿಮಣಿ ಮಾದಿರಿ ಹೋಗ್ತಿದೆ!" ಎಂದು ಸೀಟಿ ಊದಿದ.

ಲಕ್ಷ್ಮಿ ಮಗುವನ್ನು ಎದೆಗವಚಿಕೊಂಡು ಒಳಗೆ ಬಂದಳು. ಕೋಣೆ ಆಗಲೇ ಬೆಚ್ಚಗಾಗತೊಡಗಿತ್ತು, ಕಿಟಕಿ ಒಂದು ಬೆರಳಷ್ಟು ತೆರೆದೇ ಇತ್ತು. ದಾರಿಯುದ್ದಕ್ಕೂ ತುಟಿ ನೀಲಿ ಮಾಡಿಕೊಂಡು ಕೀರಲು ಸದ್ದಿನಲ್ಲಿ ಅತ್ತಿದ್ದ ಕೂಸು ಒಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತಿಗೆ ಮುಷ್ಟಿ ಬಿಚ್ಚಿ, ಕೆನ್ನೆಗೆ ಬಣ್ಣ ಬಂದು, ಹಾಲು ಕುಡಿದು ಮಲಗಿತು. ಅದರ ಉಸಿರು ಏರಿಳಿಯುವುದನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಅತ್ತೆಯೂ ನೋಡುತ್ತ ಕೂತರು. ಆಮೇಲೆ ಮಗಳಿಗೆ ಹೇಳಿದರು: "ಇದು ಇಂಗ್ಲೀಷ್ ಒಲೆ ಕಣೇ. ಬೇರೆ ಯಾರ ಮನೇಲೂ ಇಲ್ಲ. ಒಂದು ಚೂರೂ ಹೊಗೆ ಬರಲ್ಲ." ಅವರ ಹಿಂದೆ ನಾನು ಮಸಿ ಬಳಿದ ಮುಖದಲ್ಲಿ ನಿಂತಿದ್ದೆ. ಯಜಮಾನರು ನನ್ನನ್ನು ನೋಡಿ, "ತೊಂದ್ರೆ ಏನೂ ಆಗ್ಲಿಲ್ಲ ತಾನೆ?" ಎಂದು ಕೇಳಿದರು.

ಹೀಗೆ ನಾನು ಗೆದ್ದೆ. ಗೆದ್ದದ್ದರಿಂದ, ಆ ಚಳಿಗಾಲವೆಲ್ಲ ಎಲ್ಲರಿಗಿಂತ ಮೊದಲು ಕಂಬಳಿ ಬಿಟ್ಟು ಏಳುವ ಭಾಗ್ಯವೂ ನನ್ನದೇ ಆಯಿತು. ಯಜಮಾನರು ಒಮ್ಮೆ ತಾವು ಹಚ್ಚುತ್ತೇನೆಂದು ಬಂದರು. "ಮುಟ್ಬೇಡಿ, ನಿಮಗೆ ಬರಲ್ಲ" ಎಂದು ಕಡ್ಡಿ ಕಿತ್ತುಕೊಂಡೆ. ಇದು ನನ್ನೊಬ್ಬಳಿಗೇ ತಿಳಿದ ವಿದ್ಯೆ ಎಂದು ಮನೆಯವರನ್ನೆಲ್ಲ ನಂಬಿಸಿ, ಕೊನೆಗೆ ನಾನೂ ನಂಬಿದ್ದೆ.

ಕೆಲವು ವರ್ಷ ಕಳೆದ ಮೇಲೆ, ಚಳಿಗಾಲದ ಮೊದಲ ಒಲೆ ಹಚ್ಚುವ ದಿನ ನನಗೆ ಜ್ವರ ಬಂತು. ಅತ್ತೆ, "ನೀನು ಮಲ್ಕೋ, ನಾನು ಹಚ್ತೀನಿ" ಎಂದು ಹೋದರು. ಕಂಬಳಿಯೊಳಗೆ ಕಿವಿ ನಿಮಿರಿಸಿ ಮಲಗಿದೆ. ಒಂದೇ ಒಂದು ಕಡ್ಡಿ ಗೀರಿದ ಸದ್ದು. ಕೆಮ್ಮಿಲ್ಲ, ಸೀನಿಲ್ಲ, ಬೈಗುಳವಿಲ್ಲ. ಜೀವಮಾನದಲ್ಲಿ ಮೊದಲ ಸಲ, ದೇವರೇ, ಒಂದಿಷ್ಟು ಹೊಗೆ ಕೊಡಪ್ಪಾ ಎಂದು ಮನಸಾರೆ ಬೇಡಿಕೊಂಡೆ. ಕೊಡಲಿಲ್ಲ. ಜ್ವರದಲ್ಲೇ ಕಂಬಳಿ ಕಿತ್ತೊಗೆದು ಎದ್ದು ಹೋಗಿ, ಚೆನ್ನಾಗಿ ಉರಿಯುತ್ತಿದ್ದ ಒಲೆಯ ಮುಂದೆ ನಿಂತು, "ಹಾಗಲ್ಲ ಅತ್ತೆ ಹಚ್ಚೋದು" ಎಂದೆ.