ಆರು ಗುಂಡು, ಒಂದು ಹಂದಿತೊಡೆ

ಹಂದಿತೊಡೆಯ ವಿಷಯದಲ್ಲಿ ನನ್ನ ಅತ್ತೆ ಇರ್ಮಾ ಅವರಿಗೆ ನನ್ನ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಅನುಮಾನ. ಮದುವೆಯಾದ ಮೊದಲ ಈಸ್ಟರಿಗೆ ನಾನು ತಂದ ತೊಡೆಯಲ್ಲಿ ಮೂಳೆ ಇರಲಿಲ್ಲ. ‘ಮೂಳೆಯಿಲ್ಲದ ತೊಡೆ ತಂದಿದಾನಲ್ಲೇ, ಇವನಿಗೆ ಬೆನ್ನುಮೂಳೆಯಾದರೂ ಇದೆಯಾ?’ ಎಂದು ಅವರು ಅಂದೇ ಮಗಳ ಕಿವಿಯಲ್ಲಿ ಪಿಸುಗುಟ್ಟಿದ್ದರು. (ಅತ್ತೆಯ ಪಿಸುಮಾತು ಎರಡು ಬೀದಿಯಾಚೆಗೂ ಕೇಳುತ್ತದೆ.) ಅಂದಿನಿಂದ ಪ್ರತಿ ವರ್ಷ ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುತ್ತಲೇ ಅವರೇ ಖುದ್ದಾಗಿ ಮಾಂಸದಂಗಡಿಗೆ ಹೋಗಿ, ಹೊಗೆಯಲ್ಲಿ ಹದವಾದ ತೊಡೆಯೊಂದಕ್ಕೆ ತಮ್ಮ ಹೆಸರು ಬರೆಸಿ ಬರುತ್ತಾರೆ. ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ ಮಧ್ಯಾಹ್ನ ಅದು ಬುಟ್ಟಿಯಲ್ಲಿ ವಿರಾಜಮಾನವಾಗಿ ಚರ್ಚಿಗೆ ಹೋಗುತ್ತದೆ. ಪಾದ್ರಿಗಳು ತೀರ್ಥ ಎರಚುತ್ತಾರೆ. ಭಾನುವಾರ ನಾವು ತಿನ್ನುತ್ತೇವೆ. ನಮ್ಮ ಸ್ಲೊವಾಕ್ ಜನ ಊರು ಬಿಟ್ಟರು, ದೇಶ ಬಿಟ್ಟರು, ಸಮುದ್ರ ದಾಟಿ ಪೆನ್ಸಿಲ್ವೇನಿಯಾದ ಉಕ್ಕಿನ ಕುಲುಮೆಗಳ ಮುಂದೆ ಬೆಂದರು. ಬುಟ್ಟಿಯನ್ನು ಮಾತ್ರ ಬಿಡಲಿಲ್ಲ.

ಈ ವರ್ಷ ಆ ತೊಡೆ ಬೇಡವೆಂದು ಅಂಗಡಿಗೆ ಹೇಳಿಸಿದ ಮಹಾನುಭಾವ ನಾನು, ಬರ್ನಾರ್ಡ್ ಹ್ಲಾವಾಟಿ.

ಕಾರಣವಿತ್ತು. ನಮ್ಮೂರ ಬೇಟೆಗಾರರ ಕ್ಲಬ್ಬಿನಲ್ಲಿ ಅದೇ ಶನಿವಾರ ಬೆಳಿಗ್ಗೆ ತೊಡೆಪಂದ್ಯ ನಡೆಯುತ್ತದೆ. ಹದಿನೈದು ಗಜ ದೂರದ ಕಾಗದಕ್ಕೆ ಆರು ಗುಂಡು. ಗೆದ್ದವರಿಗೆ ಇಪ್ಪತ್ತು ಪೌಂಡಿನ ತೊಡೆ, ಮೂಳೆಸಮೇತ. ಮನೆಗೊಬ್ಬರಿಗೆ ಮಾತ್ರ ಅವಕಾಶ. ಹಳೆಯ ರಿವಾಲ್ವರೇ ಆಗಬೇಕು, ಅದನ್ನೂ ಡಬಲ್ ಆಕ್ಷನ್ನಿನಲ್ಲೇ ಹೊಡೆಯಬೇಕು. ಅಂದರೆ ತೋಟಾಕ್ಕೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆಳೆದು ಸಿದ್ಧವಾಗಿ ಇಟ್ಟುಕೊಳ್ಳುವಂತಿಲ್ಲ. ಟ್ರಿಗರಿನ ಒಂದೇ ಎಳೆತದಲ್ಲಿ ಸುತ್ತಿಗೆ ಹಿಂದೆ ಸರಿಯಬೇಕು, ಗುಂಡು ತುಂಬಿದ ಉರುಳೆ ತಿರುಗಬೇಕು, ಸುತ್ತಿಗೆ ಮರಳಿ ಬಂದು ಬಡಿಯಬೇಕು. (ಒಂದೇ ಉಸಿರಿನಲ್ಲಿ ಕೆಲಸ ಹೇಳಿ, ಇನ್ನೂ ಆಗಿಲ್ಲವೆಂದು ಬೈದು, ಕೊನೆಗೆ ತಾನೇ ಮಾಡಿ ಮುಗಿಸುವ ನನ್ನ ಹೆಂಡತಿ ರೋಸಾನ್‌ಳನ್ನು ಬಲ್ಲವರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ.)

ನಮ್ಮ ಕ್ಲಬ್ಬಿನಲ್ಲಿ ಎರಡು ಬಗೆಯ ಗುಂಡು ಹಾಕುತ್ತಾರೆ. ನಾನು ಅದುವರೆಗೆ ಲೋಟದ ಗುಂಡಿನಲ್ಲಿ ಮಾತ್ರ ಪ್ರವೀಣನಾಗಿದ್ದೆ. ಮನೆಯಲ್ಲಿ ಗುರಿ ಗೊತ್ತಿದ್ದವಳು ರೋಸಾನ್. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಜೊತೆ ಕಾಡಿಗೆ ಹೋಗಿ ಜಿಂಕೆ ಕೆಡವಿ ಬಂದವಳು. ಹಾಗಾದರೆ ಮನೆಗೊಬ್ಬರ ಲೆಕ್ಕದಲ್ಲಿ ಅವಳೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ಕೇಳಿದಳು. ‘ಇಪ್ಪತ್ತೆರಡು ವರ್ಷದ ಕಳಂಕ ನನ್ನದು, ತೊಳೆಯಬೇಕಾದವನೂ ನಾನೇ’ ಎಂದೆ. ‘ತೊಳೆಯೋದಕ್ಕೆ ಸಿಂಕಿನಲ್ಲಿ ಪಾತ್ರೆ ಇವೆ’ ಎಂದಳು.

ರಿವಾಲ್ವರ್ ಸಿಕ್ಕಿದ್ದು ಕಾರ್ಮೈನನ ಅಂಗಡಿಯಲ್ಲಿ. ಅವನು ಕ್ಲಬ್ಬಿನ ಹಿರಿಯ ಸದಸ್ಯ, ಹಳೆಯ ಬಂದೂಕುಗಳ ವ್ಯಾಪಾರಿ. ನನ್ನ ತಂದೆಗಿಂತ ವಯಸ್ಸಾದ ರಿವಾಲ್ವರು ಅದು. ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ನಳಿಗೆಯ ಮೂತಿಯ ನೀಲಿ ಬಣ್ಣವೆಲ್ಲ ಹೋಗಿ ಬೆಳ್ಳಗಾಗಿತ್ತು. ನಾನು ಬಲ್ಲವನಂತೆ ನಳಿಗೆಯೊಳಗೆ ಟಾರ್ಚು ಬಿಟ್ಟು ನೋಡಿದೆ, ಉರುಳೆಯನ್ನು ಅಲ್ಲಾಡಿಸಿದೆ, ಕೊನೆಗೆ ಅದನ್ನು ತಿರುಗಿಸಿ ಕಿವಿಗೆ ಹಿಡಿದೆ.

“ಏನಂತೆ?” ಕೇಳಿದ ಕಾರ್ಮೈನ್.

“ಆರೋಗ್ಯವಾಗಿದೆ. ಯಾರದು ಇದು?”

“ಬ್ಯಾಂಕಿನ ಕಾವಲುಗಾರನೊಬ್ಬ ನಲವತ್ತು ವರ್ಷ ಸೊಂಟದಲ್ಲಿ ಹೊತ್ತಿದ್ದ. ಒಂದು ಸಲಾನೂ ಹೊಡೀಲಿಲ್ಲ. ಹೊರಗೆ ಸವೆದಿದೆ, ಒಳಗೆ ಹೊಸದು.”

“ನನ್ನ ಹಾಗೆ.”

“ನಿಂದು ಉಲ್ಟಾ ಬರ್ನಿ,” ಎಂದು ಕಾರ್ಮೈನ್ ಮೀಸೆಯಲ್ಲೇ ನಕ್ಕ. ನಾನು ಸರ್ಕಾರಿ ಫಾರಂ ತುಂಬಿದೆ. ಕಾರ್ಮೈನ್ ಪೊಲೀಸರಿಗೆ ಫೋನು ಮಾಡಿದ, ನಾನು ಸಂಭಾವಿತನೆಂದು ಆ ತುದಿಯಲ್ಲಿ ಯಾರೋ ಖಾತ್ರಿಪಡಿಸಿದರು. (ಅವರು ಅತ್ತೆಯನ್ನು ವಿಚಾರಿಸಿರಲಿಲ್ಲ.) ರಿವಾಲ್ವರ್ ನನ್ನದಾಯಿತು. ಹೊರಡುವಾಗ ಕಾರ್ಮೈನ್ ಹೇಳಿದ: “ಇದಕ್ಕೆ ಏನೂ ಮಾಡಬೇಡ ಮಾರಾಯ. ಎಣ್ಣೆ ಹಾಕು, ಸಾಕು. ಹಳೇದನ್ನ ಕೆಣಕಬಾರದು.”

ಮೊದಲ ಭಾನುವಾರ ಆರು ಗುಂಡು ಹೊಡೆದೆ. ನಾಲ್ಕು ಕಾಗದದ ಕೆಳತುದಿಯಲ್ಲಿ, ಎರಡಂತೂ ಮಣ್ಣಿನಲ್ಲಿ. ಇನ್ನಾರು ಹೊಡೆದೆ, ಅವೂ ಪಾತಾಳಕ್ಕೆ. ಗುರಿ ಸರಿಯಾಗಿ ಹಿಡಿದಿದ್ದೆ, ಆದ್ದರಿಂದ ತಪ್ಪು ಬಂದೂಕಿನದು ಎಂಬುದು ಯಾವ ವಿವೇಕಿಗೂ ಹೊಳೆಯುವ ತೀರ್ಮಾನ. ನಳಿಗೆಯ ತುದಿಯಲ್ಲಿ ಹುಂಜದ ಜುಟ್ಟಿನಂತೆ ಒಂದು ಗುರಿಮೊನೆ ನಿಂತಿರುತ್ತದೆ. ಅದನ್ನು ನೋಡಿಕೊಂಡೇ ಗುರಿಯಿಡುವುದು. ಆ ಜುಟ್ಟು ಗಿಡ್ಡವಾದಷ್ಟೂ ಮೂತಿಯನ್ನು ಮೇಲೆತ್ತಬೇಕಾಗುತ್ತದೆ, ಗುಂಡು ಮೇಲೆ ಹೋಗುತ್ತದೆ. ನಮ್ಮ ನೆಲಮಾಳಿಗೆಯಲ್ಲಿ ಕಬ್ಬಿಣ ತಿಕ್ಕುವ ಅರ ಇತ್ತು. ತಲೆಯಲ್ಲಿ ಅರಿವು ಇರಲಿಲ್ಲ.

ಬಾಗಿಲು ಹಾಕಿಕೊಂಡು ಜುಟ್ಟು ಬೋಳಿಸಿದೆ. ಅವತ್ತೊಂದಿಷ್ಟು, ಮುಂದಿನ ಭಾನುವಾರ ಹೊಡೆದು ನೋಡಿ ಇನ್ನೊಂದಿಷ್ಟು. ಕೊನೆಯ ನಯಗೆಲಸಕ್ಕೆ ದೊಡ್ಡ ಅರ ಒರಟಾಯಿತೆಂದು ರೋಸಾನ್ ಉಗುರು ತೀಡಿಕೊಳ್ಳುವ ಪುಟ್ಟ ಅರವನ್ನು ಎರವಲು ಪಡೆದೆ. (ಕೇಳದೆ ಪಡೆದದ್ದು, ಹಲ್ಲುಗಳು ಸವೆದುಹೋದದ್ದರಿಂದ ಹಿಂದಿರುಗಿಸದೆ ಉಳಿದದ್ದು.) ನಾಲ್ಕನೇ ಭಾನುವಾರ ಗುಂಡುಗಳು ಕಾಗದದ ನಟ್ಟನಡುವೆ ಬಿದ್ದವು!

ಆ ಕಾಗದವನ್ನು ಅತ್ತೆಯೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ‘ಹಾಗಾದರೆ ಅಂಗಡಿಯವನಿಗೆ ಬೇಡ ಅಂತ ಹೇಳಿಬಿಡಲೇನಪ್ಪಾ?’ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ‘ಅಪ್ಪಾ’! ‘ಧಾರಾಳವಾಗಿ ಹೇಳಿ ಅತ್ತೆ’ ಎಂದೆ. ಅವರಿಗೆ ಮೀಸಲಾಗಿದ್ದ ತೊಡೆ ಅದೇ ಸಂಜೆ ಬೇರೆಯವರ ಪಾಲಾಯಿತು.

ರೋಸಾನ್ ಮಾತ್ರ ಫ್ರಿಜ್ಜಿನ ಮುಂದೆ ನಿಂತು ಬಹಳ ಹೊತ್ತು ಕಾಗದ ನೋಡಿದಳು. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಪೂಜೆ ಮುಗಿದದ್ದೇ ನನ್ನ ಜೊತೆ ಕ್ಲಬ್ಬಿಗೆ ಹೊರಟಳು. ಅಲ್ಲಿ ನನಗೆ ಬೆನ್ನು ತಿರುಗಿಸಿ ತಾನೇ ಉರುಳೆ ತುಂಬಿ ಕೊಟ್ಟಳು. ಮೂರು ನಿಜವಾದ ತೋಟಾ, ಮೂರು ಹೊಡೆದು ಖಾಲಿಯಾದವು. ಯಾವುದರ ಸರದಿ ಯಾವಾಗ ಎಂದು ನನಗೆ ಗೊತ್ತಿಲ್ಲ.

ಢಂ. ನಡುವೆ ಬಿತ್ತು. ಢಂ. ನಡುವೆ. ಆಮೇಲೆ ಬರೀ ‘ಟಿಕ್’. ಆ ‘ಟಿಕ್’ ಆಗುವ ಹೊತ್ತಿಗೆ ನನ್ನ ರಿವಾಲ್ವರಿನ ಮೂತಿ, ಬಿಷಪ್ಪರನ್ನು ಕಂಡ ಭಕ್ತನಂತೆ, ನೆಲದವರೆಗೆ ಬಾಗಿ ನಮಸ್ಕರಿಸಿತು.

“ಕಣ್ಣು ಮುಚ್ಚಿದೆ ನೀನು,” ಎಂದಳು.

“ಇಲ್ಲ.”

“ಮೂತಿ ಕೆಳಗೆ ಹೋಯ್ತು.”

“ಗಾಳಿ.”

“ಗಾಳಿ ಆಕಾಶದಿಂದ ಕೆಳಕ್ಕೆ ಬೀಸ್ತಾ ಬರ್ನಿ? ಸದ್ದಿಗೆ ಹೆದರಿ ಮೊದಲೇ ಕೈ ಜಗ್ಗಿಸ್ತಿದೀಯ. ನಿನ್ನ ಕೈಯಲ್ಲಿ ಇನ್ನೂ ಸಿಸ್ಟರ್ ಸೆರಾಫಿಯಾ ಕೂತಿದಾರೆ.”

ಸುಳ್ಳಲ್ಲ. ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ, ಒಂದೇ ತರಗತಿಯಲ್ಲಿ ಓದಿದವರು. ಸಿಸ್ಟರ್ ಸೆರಾಫಿಯಾ ಮರದ ಸ್ಕೇಲು ಎತ್ತಿದರೆಂದರೆ ಅದು ಇಳಿಯುವ ಮೊದಲೇ ನನ್ನ ಕಣ್ಣು ಮುಚ್ಚಿ, ತಲೆ ಬಗ್ಗಿ, ಕೈ ಕೆಳಗಿಳಿದಿರುತ್ತಿತ್ತು. ಏಟು ಡೆಸ್ಕಿಗೆ ಬೀಳುತ್ತಿತ್ತು. ಆಮೇಲೆ ಎರಡು ಏಟು ನನಗೆ ಬೀಳುತ್ತಿದ್ದವು.

“ಆದರೂ ನಡುವೆ ಹೇಗೆ ಬೀಳ್ತಿದೆ?” ರೋಸಾನ್ ಹುಬ್ಬು ಗಂಟಿಕ್ಕಿದಳು.

ಅರದ ವಿಷಯ ಹೇಳಿಬಿಡಲು ಅದು ಪ್ರಶಸ್ತವಾದ ಸಮಯ. ಆದರೆ ಅವಳು ಆ ವಾರವಿಡೀ ಉಗುರಿನ ಅರ ಹುಡುಕಿ ಮನೆಯ ದಿಂಬುಗಳನ್ನೆಲ್ಲ ಕೊಡವಿದ್ದಳು.

“ಕೈಚಳಕ,” ಎಂದೆ.

“ಕಣ್ಣು ಮುಚ್ಕೊಂಡೇ ಇಷ್ಟು ಹೊಡೀತೀಯ ಅಂದರೆ ದೇವರು ದೊಡ್ಡವನು. ಆದರೆ ಅಮ್ಮನ ತೊಡೆನ ದೇವರ ಮೇಲೆ ಬಿಡೋಕಾಗಲ್ಲ. ನಿನ್ನನ್ನ ಸರಿಮಾಡ್ತೀನಿ.”

ಮಾಡಿದಳು. ಆ ಪವಿತ್ರ ವಾರದ ಪ್ರತಿ ಸಂಜೆ ಅಡುಗೆಮನೆಯಲ್ಲಿ ನನಗೆ ಶಿಕ್ಷಣ. ಎರಡೆರಡು ಸಲ ನೋಡಿ ಖಾಲಿಯೆಂದು ಖಚಿತಪಡಿಸಿಕೊಂಡ ರಿವಾಲ್ವರನ್ನು ಹಿಡಿದು ನಾನು ಹಿಂಬದಿಯ ಕಲ್ಲುಗೋಡೆಯ ಕಡೆ ಮುಖಮಾಡಿ ನಿಲ್ಲಬೇಕು. ನಳಿಗೆಯ ಮೇಲೆ ಅವಳು ಹತ್ತು ಸೆಂಟಿನ ಪುಟ್ಟ ಡೈಮ್ ನಾಣ್ಯ ಇಡುತ್ತಾಳೆ, ಅವಳ ಕಣ್ಣು ಮಾತ್ರ ನನ್ನ ರೆಪ್ಪೆಯ ಮೇಲೆಯೇ. ಟ್ರಿಗರ್ ಒತ್ತಿ ಮುಗಿಸುವವರೆಗೆ ನಾಣ್ಯ ಬೀಳಬಾರದು. ಸೋಮವಾರ ನಾಣ್ಯ ಎಲೆಕೋಸಿನ ಸೂಪಿಗೆ ಬಿತ್ತು. ಮಂಗಳವಾರ ಅತ್ತೆಯ ಚಹಾಕ್ಕೆ. ಬುಧವಾರ ಐದರಲ್ಲಿ ಎರಡು ಸಲ ನಿಂತಿತು.

“ಕಣ್ಣು ಬಿಡು! ಸಿಸ್ಟರ್ ಸತ್ತು ಹದಿನಾರು ವರ್ಷ ಆಯ್ತು!”

“ಅವರ ಸ್ಕೇಲು?”

“ಅದೂ ಸತ್ತಿದೆ. ಒತ್ತು. ಮೆತ್ತಗೆ... ಹಾಂ!”

ಶುಭ ಶುಕ್ರವಾರದ ಸಂಜೆ ಐವತ್ತು ಸಲ ಒತ್ತಿದೆ. ನಾಣ್ಯ ಬಂಡೆಗೆ ಕೆತ್ತಿದಂತೆ ಕೂತಿತ್ತು. ರೋಸಾನ್ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. (ಉಪವಾಸದ ದಿನ ಅದು. ಆದರೂ.) ಅತ್ತೆ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಇಪ್ಪತ್ತು ಪೌಂಡಿನ ತೊಡೆಗೆಂದು ನಡುವೆ ಜಾಗ ಬಿಟ್ಟು, ಸುತ್ತ ಸಿಹಿ ರೊಟ್ಟಿ, ಬಣ್ಣದ ಮೊಟ್ಟೆ, ಬೆಣ್ಣೆಯಲ್ಲಿ ತಿದ್ದಿದ ಕುರಿಮರಿ ಇಟ್ಟು ಮಲಗಿದರು. ನನಗೆ ಬಂದ ನಿದ್ದೆ ಸಂತರಿಗೂ ಬಂದಿರಲಾರದು.

ಶನಿವಾರ ಬೆಳಿಗ್ಗೆ ನನ್ನ ಸರದಿ ಬಂದಾಗ ಕ್ಲಬ್ಬಿನವರೆಲ್ಲ ಗಂಭೀರವಾಗಿ ನೋಡಿದರು. ನನ್ನ ನಿಲುವೇ ಹಾಗಿತ್ತು. ಮೂತಿ ಅಲ್ಲಾಡಲಿಲ್ಲ. ರೆಪ್ಪೆ ಮಿಟುಕಲಿಲ್ಲ. ಆರು ಸಲ ಮೆತ್ತಗೆ, ದೀರ್ಘವಾಗಿ, ಬೆಣ್ಣೆಯ ಕುರಿಮರಿಯನ್ನು ಸವರಿದಂತೆ ಒತ್ತಿದೆ. ಆರು ಸಲ ಬೆಂಕಿಯನ್ನು ತೆರೆದ ಕಣ್ಣಿನಿಂದ ಕಂಡೆ. ನನ್ನ ಬದುಕಿನಲ್ಲಿ ಅಷ್ಟು ಸೊಗಸಾಗಿ ನಾನು ಏನನ್ನೂ ಮಾಡಿಲ್ಲ.

ಕಾಗದದಲ್ಲಿ ಒಂದು ತೂತೂ ಇರಲಿಲ್ಲ.

ಎಲ್ಲರೂ ಹತ್ತಿರ ಹೋಗಿ ನೋಡಿದೆವು. ಕಾಗದ ತೂಗುಹಾಕಿದ್ದ ಮರದ ಅಡ್ಡಪಟ್ಟಿಯಲ್ಲಿ, ಗುರಿಗಿಂತ ಒಂದು ಅಡಿ ಮೇಲೆ, ಆರು ತೂತುಗಳು. ಎಂಥ ತೂತುಗಳು! ಮೊಟ್ಟೆಯೊಂದನ್ನಿಟ್ಟರೆ ಆರೂ ಮುಚ್ಚಿಹೋಗುವಷ್ಟು ಒತ್ತಾಗಿದ್ದವು.

ಕಾರ್ಮೈನ್ ಟೋಪಿ ತೆಗೆದ. “ಮೂವತ್ತು ವರ್ಷದಲ್ಲಿ ಈ ಕ್ಲಬ್ಬಿನಲ್ಲಿ ಗುಂಡು ಇಷ್ಟು ಒತ್ತಾಗಿ ಬಿದ್ದದ್ದು ನೋಡಿರಲಿಲ್ಲ ಬರ್ನಿ. ಕಾಗದಾನ ಅಲ್ಲಿ ಅಂಟಿಸಬೇಕಿತ್ತು ಅಷ್ಟೇ.” ತೀರ್ಪುಗಾರರು ‘ಸೊನ್ನೆ’ ಎಂದು ಬರೆದರು.

ರೋಸಾನ್ ರಿವಾಲ್ವರನ್ನು ಇಸಿದುಕೊಂಡು, ಖಾಲಿ ಮಾಡಿ, ನಳಿಗೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಅಲ್ಲಿ ಜುಟ್ಟಿರಲಿಲ್ಲ. ಬೋಳುತಲೆಯ ಮೇಲೆ ಉಳಿದ ನಾಲ್ಕು ಕೂದಲಿನಷ್ಟು ಏನೋ ಇತ್ತು.

“ಇದನ್ನ ಯಾರು ಬೋಳಿಸಿದ್ದು?”

“ಗುಂಡು ಕೆಳಗೆ ಬೀಳ್ತಿತ್ತು...”

“ಕೆಳಗೆ ಬೀಳ್ತಿದ್ದದ್ದು ನಿನ್ನ ಕೈ! ಆ ಕೈಗೆ ಸರಿಯಾಗಿ ಬಂದೂಕು ತಿಕ್ಕಿ, ಆಮೇಲೆ ನನ್ನ ಹತ್ತಿರ ಕೈ ಸರಿಮಾಡಿಸ್ಕೊಂಡ್ಯಾ? ಒಂದು ಮಾತು ಹೇಳಬಾರದಾ? ಯಾವುದರಲ್ಲಿ ತಿಕ್ಕಿದೆ?”

ನಾನು ಹೇಳಿದೆ. ಕೊನೆಯ ನಯಗೆಲಸದ ಉಪಕರಣವನ್ನೂ ಹೇಳಿದೆ. ಸುತ್ತಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಸದ್ಯ, ರಿವಾಲ್ವರ್ ಖಾಲಿಯಿತ್ತು.

ತೊಡೆ ಗೆದ್ದವನು ಕಾರ್ಮೈನ್.

ಈಸ್ಟರಿನ ಹಿಂದಿನ ದಿನ ಹನ್ನೊಂದು ಗಂಟೆಗೆ ನಮ್ಮೂರಲ್ಲಿ ಹಂದಿತೊಡೆ ಹುಡುಕಿದವರಿಗೆ ನನ್ನ ಸಂತಾಪಗಳು. ಅಂಗಡಿಯವನು ಅತ್ತೆಯ ಮುಖ ನೋಡಲಾರದೆ ಒಳಗೆ ಹೋಗಿ ನಿಂತ. ನಾಲ್ಕು ಅಂಗಡಿ ಸುತ್ತಿ, ಕೊನೆಗೆ ಪೆಟ್ರೋಲ್ ಬಂಕಿನ ಕಪಾಟಿನಲ್ಲಿ ಸಿಕ್ಕಿದ್ದು ಒಂದು ಡಬ್ಬಿ. ತಗಡಿನ ಡಬ್ಬಿ, ಒಳಗೆ ಚೌಕಾಕಾರದ ಹಂದಿಮಾಂಸ, ಮೂಳೆಯ ಸುದ್ದಿಯೇ ಇಲ್ಲ. ಇಪ್ಪತ್ತು ಪೌಂಡಿನ ಜಾಗದಲ್ಲಿ ಮುಕ್ಕಾಲು ಪೌಂಡಿನ ಡಬ್ಬಿ ಅನಾಥಮಗುವಿನಂತೆ ಕೂತಿತು. ಅತ್ತೆ ಅಜ್ಜಿಯ ಕಾಲದ ಕಸೂತಿ ಬಟ್ಟೆಯಿಂದ ಬುಟ್ಟಿಯನ್ನು ಬಿಗಿಯಾಗಿ ಮುಚ್ಚಿ, “ನೀವೇ ಹೊರಿ ಅಳಿಯಂದಿರೇ,” ಎಂದರು. ಅವರು ಬಹುವಚನಕ್ಕಿಳಿದರೆಂದರೆ ನನ್ನ ಕಥೆ ಮುಗಿಯಿತೆಂದೇ ಅರ್ಥ.

ಚರ್ಚಿನ ನಡುದಾರಿಯ ಎರಡೂ ಬದಿಗೆ ಬುಟ್ಟಿಗಳ ಸಾಲು. ನಮ್ಮ ಪಕ್ಕದಲ್ಲೇ ಕಾರ್ಮೈನ್. ಅವನ ತೊಡೆ ಬುಟ್ಟಿಯಲ್ಲಿ ಹಿಡಿಸದೆ ಹೊರಗೆ ಕಾಲು ಚಾಚಿಕೊಂಡಿತ್ತು. ಫಾದರ್ ಕೊವಾಲ್ ತೀರ್ಥದ ಪಾತ್ರೆಯೊಂದಿಗೆ ಬಂದು, ಪ್ರತಿ ವರ್ಷದಂತೆ ಹೇಳಿದರು:

“ಎಲ್ಲರೂ ಬುಟ್ಟಿಯ ಬಟ್ಟೆ ತೆಗೀರಿ.”

ಅತ್ತೆ ಅಲ್ಲಾಡಲಿಲ್ಲ. ಮೇಲಿನ ಗಾಜಿನ ಕಿಟಕಿಯ ಸಂತನನ್ನು ನೋಡುತ್ತ ನಿಂತರು. ರೋಸಾನ್ ತನ್ನ ಒರಟು ಉಗುರುಗಳನ್ನು ನೋಡಿಕೊಳ್ಳುತ್ತ ನಿಂತಳು. ಫಾದರ್ ನಮ್ಮ ಮುಂದೆಯೇ ನಿಂತು ಕಾದರು. ನಾನು ಬಗ್ಗಿ ಬಟ್ಟೆ ಎತ್ತಿದೆ. ಎರಡು ಸಾಲು ಜನ ಕತ್ತು ಉದ್ದ ಮಾಡಿದರು.

ಫಾದರ್ ಒಂದು ಕ್ಷಣ ಡಬ್ಬಿಯನ್ನು ನೋಡಿದರು. ಆಮೇಲೆ ತೀರ್ಥದ ಕುಂಚವಿದ್ದ ಕೈಯನ್ನು ಮೇಲೆತ್ತಿದರು, ಥೇಟ್ ಸಿಸ್ಟರ್ ಸೆರಾಫಿಯಾ ಸ್ಕೇಲು ಎತ್ತಿದ ಹಾಗೆ.

ನನ್ನ ಕಣ್ಣು ಮುಚ್ಚಿತು. ತಲೆ ಬಗ್ಗಿತು. ಎರಡೂ ಕೈ ಕೆಳಗಿಳಿದವು. ನಿಶ್ಶಬ್ದವಾದ ಚರ್ಚಿನಲ್ಲಿ ತೀರ್ಥದ ಹನಿಗಳು ತಗಡಿನ ಮೇಲೆ ಟಣ್, ಟಣ್, ಟಣ್ ಎಂದು ಬಿದ್ದವು.

ಕಿವಿಯ ಹತ್ತಿರ ರೋಸಾನ್‌ಳ ಪಿಸುಮಾತು ಕೇಳಿಸಿತು. (ಅವಳು ಅತ್ತೆಯ ಮಗಳು. ಇಡೀ ಚರ್ಚಿಗೆ ಕೇಳಿಸಿತು.)

“ಇದನ್ನೇ ಬೆಳಿಗ್ಗೆ ಮಾಡಿದ್ದಿದ್ರೆ ಸಾಕಿತ್ತಲ್ಲ ಬರ್ನಿ!”